ತಟ್ಟೆ ಹಿಡಿದವಳ ನಾಮಪತ್ರ

ಟಕ್, ಟಕ್ಕ, ಟಕ್. ಟಕ್, ಟಕ್ಕ, ಟಕ್. ಇಳಕಲ್ಲಿನ ಆ ಓಣಿಯಲ್ಲಿ ಬೆಳಗಾಗುವುದೇ ಈ ಸದ್ದಿನೊಂದಿಗೆ. ಏಳೆಂಟು ಮನೆಗಳ ಮಗ್ಗಗಳು ಒಂದರ ಹಿಂದೊಂದು ಎದ್ದು ಮಾತಿಗೆ ಕೂರುತ್ತವೆ. ಹೊಸಬರ ಕಿವಿಗೆ ಎಲ್ಲವೂ ಒಂದೇ ಗದ್ದಲ. ದುರಗವ್ವನಿಗೆ ಹಾಗಲ್ಲ. ಒಲೆಯ ಮುಂದೆ ಕೂತಲ್ಲಿಂದಲೇ ಯಾವ ಮನೆಯ ಮಗ್ಗ ಹುರುಪಿನಿಂದ ಓಡುತ್ತಿದೆ, ಯಾವುದು ನಿದ್ದೆಗಣ್ಣಿನಲ್ಲಿದೆ, ಯಾರ ಹಾಸು ಇಂದೋ ನಾಳೆಯೋ ಮುಗಿಯುತ್ತದೆ ಎಂದು ಹೇಳಬಲ್ಲಳು. ಆ ದಿನ ಬೆಳಿಗ್ಗೆ ಎಂಟರ ಸುಮಾರಿಗೆ ಆ ಸದ್ದುಗಳಲ್ಲಿ ಒಂದು ಕಳಚಿಕೊಂಡಿತು.

"ಖಾದರಣ್ಣನ ಮಗ್ಗ ನಿಂತಿತು," ಎಂದು ದುರಗವ್ವ ಕೊನೆಯ ರೊಟ್ಟಿಯನ್ನು ಹಂಚಿನಿಂದ ಇಳಿಸಿ ಎದ್ದಳು.

ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗೆ ಹೊರಟಿದ್ದ ಗಂಡ ಹನಮಂತಪ್ಪ ಬುತ್ತಿ ಕಟ್ಟುವುದನ್ನು ಬಿಟ್ಟು ನೋಡಿದ. "ಇವತ್ತೂ ಕೆಚ್ಚಾಕ ಹೊಂಟಿಯೇನು? ಮಾಸ್ತರ್ರು ಗಾಡಿ ತರ್ತಾರಂತ. ಮೂರರ ಒಳಗ ನಿನ್ನ ಸಹಿ ಬೇಕಂತ."

"ಮೂರಕ್ಕ ಇನ್ನೂ ಭಾಳ ಹೊತ್ತ ಐತಲ್ರಿ."

"ಸಹಿ ಮಾಡ್ತಿ ಹೌದಿಲ್ಲೊ?"

ದುರಗವ್ವ ಒಲೆಯ ಬೂದಿಯನ್ನು ಜರಡಿ ಹಿಡಿದು ಒಂದು ಅರಿವೆಯಲ್ಲಿ ಗಂಟು ಕಟ್ಟಿಕೊಳ್ಳುತ್ತಿದ್ದಳು. "ಪಲ್ಯ ಚೆಲ್ಲೀತು, ಡಬ್ಬಿ ಸರಿಯಾಗಿ ಮುಚ್ಚ್ರಿ," ಎಂದಳು.

ಮಗ್ಗದ ಮೇಲೆ ಹಾಸಿದ ನೂಲು ಮುಗಿದಾಗ ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಸೇರಿಸಬೇಕು. ಬೆರಳಿಗೆ ಬೂದಿ ಹಚ್ಚಿಕೊಂಡು, ಎಳೆಗೆ ಎಳೆ ಹೊಸೆದು, ಸಾವಿರಾರು ಸಲ. ಕೆಚ್ಚುವುದು ಎಂದರೆ ಇದು. ಒಂದು ಎಳೆ ತಪ್ಪಿದರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಓಣಿಯಲ್ಲಿ ಈ ಕೆಲಸಕ್ಕೆ ದುರಗವ್ವನ ಕೈಯನ್ನು ಮೀರಿಸಿದ ಕೈ ಇರಲಿಲ್ಲ. ಹಾಗೆ ನೋಡಿದರೆ ಈ ಕೆಲಸವೂ ಅವಳಿಗೆ ಬಂದದ್ದು ಇನ್ನೊಬ್ಬರ ಬದಲಿಯಾಗಿ. ಅತ್ತೆಯ ಕಣ್ಣು ಮಂದವಾದಾಗ ಅತ್ತೆ ಕೂರುತ್ತಿದ್ದ ಜಾಗದಲ್ಲಿ ಸೊಸೆಯನ್ನು ಕೂಡಿಸಿದರು.

ಸೊಸೆಯಾದದ್ದೂ ಬದಲಿಯಾಗಿಯೇ. ದುರಗವ್ವ ಶಿರೂರಿನವಳು. ಹನಮಂತಪ್ಪನಿಗೆ ಗೊತ್ತಾಗಿದ್ದದ್ದು ಅವಳ ಅಕ್ಕ. ಮದುವೆಗೆ ಆರು ದಿನ ಇರುವಾಗ ಅಕ್ಕ ಕಾಮಾಲೆಯಾಗಿ ಮಲಗಿದಳು. ಹಂದರ ಹಾಕಿಯಾಗಿತ್ತು, ಬೀಗರಿಗೆ ಹೇಳಿಯಾಗಿತ್ತು. ಹಿರಿಯರು ಒಂದು ಗಳಿಗೆ ಗುಸುಗುಸು ಮಾತಾಡಿ ತಂಗಿಯ ತಲೆಗೆ ಎಣ್ಣೆ ಹಚ್ಚಿಸಿದರು. ಅಕ್ಕನ ಅಳತೆಗೆ ಹೊಲಿಸಿದ್ದ ಖಣದ ಕುಪ್ಪಸದಲ್ಲಿ ಹದಿನೆಂಟರ ಹುಡುಗಿ ಇಳಕಲ್ಲಿಗೆ ಬಂದಿಳಿದಳು. ಕುಪ್ಪಸದ ಭುಜ ದಾರಿಯುದ್ದಕ್ಕೂ ಜಾರುತ್ತಿತ್ತು. ಹನಮಂತಪ್ಪ ಒಳ್ಳೆಯವನು, ಹೆಂಡತಿಯನ್ನು ಒಂದು ದಿನವೂ ಹಂಗಿಸಲಿಲ್ಲ. ಆದರೆ ನಿನಗೆ ಈ ಮದುವೆ ಬೇಕಿತ್ತೇ ಎಂದು ಅವನೂ ಕೇಳಲಿಲ್ಲ, ಯಾರೂ ಕೇಳಲಿಲ್ಲ.

ಆಮೇಲೆ ಅದೊಂದು ರೂಢಿಯಾಗಿ ಹೋಯಿತು. ಸಾಲೆಯಲ್ಲಿ ಬಿಸಿಯೂಟ ಮಾಡುವಾಕೆ ಹೆರಿಗೆಗೆ ಹೋದಾಗ ಆರು ತಿಂಗಳು ಒಲೆಯ ಮುಂದೆ ದುರಗವ್ವ. ಸ್ವಸಹಾಯ ಸಂಘದ ಅಧ್ಯಕ್ಷೆ ಮುನಿಸಿಕೊಂಡು ಬಿಟ್ಟಾಗ ಹೊಸಬಳು ಸಿಗುವವರೆಗೆ ದುರಗವ್ವ. ಯಾರದೋ ಮನೆಯ ಮುದುಕಿ ದವಾಖಾನೆಯಲ್ಲಿ ಮಲಗಿದರೆ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ದುರಗವ್ವ. ಜಾಗ ಖಾಲಿಯಾದರೆ ಅವಳನ್ನು ಕರೆಯುವುದು. ಜಾಗದವರು ಬಂದರೆ ಅವಳು ಸೆರಗು ಕೊಡವಿಕೊಂಡು ಏಳುವುದು. ಐವತ್ತೆರಡು ವರ್ಷ ತುಂಬುವವರೆಗೆ ಅವಳು ಇದನ್ನು ಒಂದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಈಗ ಖಾಲಿಯಾಗಿದ್ದದ್ದು ನಗರಸಭೆಯ ಕುರ್ಚಿ.

ಮಹಿಳೆಗೆ ಮೀಸಲಾದ ಆ ವಾರ್ಡಿನಿಂದ ಗೆದ್ದಿದ್ದವರು ಸರಸ್ವತೀಬಾಯಿ. ನಿವೃತ್ತ ಶಿಕ್ಷಕ ಪಂಢರೀನಾಥ ಮಾಸ್ತರರ ಹೆಂಡತಿ. ಗಟ್ಟಿ ದನಿ, ಬೇಗ ಬರುವ ಸಿಟ್ಟು, ಸಿಟ್ಟಿನ ಹಿಂದೆಯೇ ಚಹಾ. ಗೆದ್ದ ಎರಡನೇ ವರ್ಷಕ್ಕೆ ಕಾಲಿನ ಸ್ವಾಧೀನ ಹೋಗಿ ಮಂಚ ಹಿಡಿದರು. ಆಗ ಓಣಿಯ ದೂರುಗಳನ್ನು ಅವರ ಮಂಚದವರೆಗೆ ತಂದವಳು ದುರಗವ್ವ. ಕೆಚ್ಚಲು ಮನೆಮನೆಗೆ ಹೋಗುವವಳಾದ್ದರಿಂದ ಯಾವ ಕಂಬದ ದೀಪ ಹೋಗಿದೆ, ಯಾರ ಮನೆಯ ಮುಂದೆ ಗಟಾರ ಕಟ್ಟಿದೆ, ಯಾವ ಮುದುಕಿಗೆ ವೃದ್ಧಾಪ್ಯದ ಪಗಾರದ ಕಾಗದ ಬಂದಿಲ್ಲ ಎಲ್ಲ ಅವಳಿಗೆ ಗೊತ್ತು. ಸರಸ್ವತೀಬಾಯಾರು ಹೇಳಿ ಇವಳ ಕೈಲೇ ಬರೆಸುತ್ತಿದ್ದರು, ಕೆಳಗೆ ಸಹಿ ಹಾಕುತ್ತಿದ್ದರು, ಇವಳು ನಗರಸಭೆಗೆ ನಡೆಯುತ್ತಿದ್ದಳು. ಮೊದಮೊದಲು ಅಲ್ಲಿ "ನೀವು ಯಾರು?" ಎಂದರು. ಒಂದು ವರ್ಷದ ಹೊತ್ತಿಗೆ "ಬರ್ರಿ ದುರಗವ್ವಾ, ಕೂಡ್ರಿ" ಎನ್ನತೊಡಗಿದರು. ನಾಲ್ಕನೇ ಇಯತ್ತೆಗೆ ಬಿಟ್ಟ ಓದು ಅರ್ಜಿಗಳ ನೆಪದಲ್ಲಿ ಮತ್ತೆ ಚಿಗುರಿತು. ಸರಸ್ವತೀಬಾಯಿ ತೀರಿಕೊಂಡ ದಿನ ಮಾಸ್ತರರಿಗಿಂತ ಹೆಚ್ಚು ಅತ್ತವಳು ದುರಗವ್ವ ಎಂದು ಓಣಿ ಈಗಲೂ ಹೇಳುತ್ತದೆ.

ನಡುವೆ ಸದಸ್ಯರು ತೀರಿಕೊಂಡರೆ ಉಪಚುನಾವಣೆ ನಡೆಸಿ ಆ ಜಾಗ ತುಂಬಬೇಕು ಎನ್ನುವುದು ಸರ್ಕಾರದ ಕಾಯ್ದೆ. ಓಣಿಯ ಕಾಯ್ದೆ ಬೇರೆ. ನಾಮಪತ್ರ ಸಲ್ಲಿಸುವ ಕೊನೆಯ ದಿನದ ಮುನ್ನಾದಿನ ಸಂಜೆ ದ್ಯಾಮವ್ವನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಸೇರಿದರು. ಬಾಯಾರ ಕುರ್ಚಿ ಬಾಯಾರ ಮನೆಯಲ್ಲೇ ಇರಲಿ, ಬಾಗಲಕೋಟೆಯ ನವನಗರದಲ್ಲಿರುವ ಸೊಸೆ ವಂದನಾ ನಿಲ್ಲಲಿ, ಉಳಿದವರು ಹಿಂದೆ ಸರಿಯಲಿ, ಚುನಾವಣೆಯ ಜಗಳವೇ ಬೇಡ, ಅವಿರೋಧವಾಗಲಿ. ಆಗಲೇ ನಾಮಪತ್ರ ಹಾಕಿದ್ದ ಶೀಲಾ ಮತ್ತು ಶಿವಬಸವ್ವ ಎನ್ನುವ ಇಬ್ಬರನ್ನು ಕರೆಸಿ ಒಪ್ಪಿಸಿದರು. ಬಾಯಿಮಾತಿಗೆ ಒಪ್ಪಿದರೆ ಸಾಲದು; ದೇವಿಯ ಭಂಡಾರದ ಅರಿಸಿನ ಮುಟ್ಟಿ ಆಣೆ ಮಾಡಬೇಕು. ಪೂಜಾರಿ ತಟ್ಟೆಯಲ್ಲಿ ಅರಿಸಿನದ ರಾಶಿ ಸುರಿದ. ಆ ತಟ್ಟೆಯನ್ನು ಇಬ್ಬರ ಮುಂದೆ ಹಿಡಿದು ನಿಂತವಳು ದುರಗವ್ವ.

ಅಷ್ಟರಲ್ಲಿ ಯಾರಿಗೋ ಸಂಶಯ ಬಂತು. ವಂದನಾಳ ಹೆಸರು ನವನಗರದ ಮತದಾರರ ಪಟ್ಟಿಯಿಂದ ಇಳಕಲ್ಲಿಗೆ ಬಂದು ಇನ್ನೂ ಎರಡು ತಿಂಗಳಾಗಿಲ್ಲ. ಕಾಗದದಲ್ಲಿ ಏನಾದರೂ ತಕರಾರು ಬಂದು ಅವಳ ನಾಮಪತ್ರ ಬಿದ್ದರೆ? ಡಮ್ಮಿ ಒಬ್ಬಳಿರಲಿ. ವಂದನಾಳದು ಪಾಸಾದ ಮೇಲೆ ವಾಪಸ್ ತೆಗೆಸಿದರಾಯಿತು.

"ನಮ್ಮ ದುರಗವ್ವ ಅದಾಳಲ್ಲ," ಎಂದಿತು ಒಂದು ದನಿ.

"ಬರೋಬ್ಬರಿ. ಕೂಡಂದ್ರ ಕೂಡ್ತಾಳ, ಏಳಂದ್ರ ಏಳ್ತಾಳ." ಕಟ್ಟೆ ನಕ್ಕಿತು. ಅವಳ ಎದುರಿಗೇ ನಕ್ಕಿತು. ಕೆಟ್ಟ ನಗೆಯಲ್ಲ, ಮನೆಯವಳ ಬಗ್ಗೆ ನಗುವ ನಗೆ. ತಟ್ಟೆ ಇನ್ನೂ ಅವಳ ಕೈಯಲ್ಲೇ ಇತ್ತು. ನೀನೂ ಮುಟ್ಟು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಹೇಳಬೇಕಾದೀತು ಎಂದು ಯಾರಿಗೂ ಅನ್ನಿಸಲಿಲ್ಲ.

ಮಾರನೆಯ ದಿನ ಖಾದರಬಾಷಾ ಸೂಚಕನಾಗಿ ಸಹಿ ಹಾಕಿದ, ದುರಗವ್ವನ ನಾಮಪತ್ರ ಹೋಯಿತು. ಪರಿಶೀಲನೆಯ ದಿನ ಚುನಾವಣಾಧಿಕಾರಿ ಹೆಸರುಗಳನ್ನು ಗಟ್ಟಿಯಾಗಿ ಓದಿದರು. ವಂದನಾಳದು ಕ್ರಮಬದ್ಧ. ಆಮೇಲೆ, "ದುರಗವ್ವ ಹನಮಂತಪ್ಪ. ಕ್ರಮಬದ್ಧ."

ಎಲ್ಲರೂ ಎದ್ದು ಹೋದರು. ದುರಗವ್ವ ಮೇಜಿನ ಬಳಿ ಉಳಿದಳು. "ಸಾಹೇಬ್ರ, ಅಂದ್ರ ಏನ್ರಿ?"

"ಅಂದ್ರ ನೀವು ಚುನಾವಣೆಗೆ ನಿಂತ ಹಂಗ ಯವ್ವಾ. ವಾಪಸ್ ತಗೊಳ್ಳೋದು ಬಿಡೋದು ನಿಮ್ಮ ಇಚ್ಛಾ. ನಿಮ್ಮ ಸಹಿ ಇಲ್ಲದ ನಿಮ್ಮ ಹೆಸರು ಯಾರೂ ತಗಿಯಾಕ ಬರೂದಿಲ್ಲ."

"ಇನ್ನೊಮ್ಮೆ ಹೇಳ್ರಿ."

ಅಧಿಕಾರಿ ಬೇಸರವಿಲ್ಲದೆ ಇನ್ನೊಮ್ಮೆ ಹೇಳಿದರು. ನಿಮ್ಮ ಇಚ್ಛಾ. ಕಂಠಿ ಸರ್ಕಲ್ಲಿನ ಗದ್ದಲ ದಾಟಿ ಮನೆಗೆ ಬರುವವರೆಗೂ ದುರಗವ್ವ ಆ ಎರಡು ಮಾತುಗಳನ್ನು ಬಾಯಲ್ಲಿ ಲವಂಗದಂತೆ ಇಟ್ಟುಕೊಂಡು ಬಂದಳು. ಖಾರವಿತ್ತು. ಉಗುಳಬೇಕೆನ್ನಿಸಲಿಲ್ಲ.

ಅದಾಗಿ ಎರಡು ದಿನ. ಇವತ್ತು ಮಧ್ಯಾಹ್ನ ಮೂರಕ್ಕೆ ಹಿಂತೆಗೆತದ ಗಡುವು ಮುಗಿಯುತ್ತದೆ.

"ಬಾ ಅಕ್ಕಾ," ಎಂದ ಖಾದರಬಾಷಾ, ಬಾಗಿಲಿಗೆ ಬಂದ ದುರಗವ್ವನನ್ನು ಕಂಡು. "ಸೂಚಕನ ಮಗ್ಗಕ್ಕ ಎಲ್ಲಾರಕಿಂತ ಮೊದಲ ಬಂದಿ. ಇದಕ್ಕ ಲಂಚ ಅಂತಾರ, ತಿಳೀತಿಲ್ಲೊ?"

"ಚಹಾ ಕುಡಸು. ಹಂಗಾದ್ರ ಇಬ್ಬರೂ ಜೇಲಿಗೆ ಹೋಗೂಣು."

ಅವಳು ಮಗ್ಗದ ಹಿಂದೆ ಕೂತು ಬೂದಿಯ ಗಂಟು ಬಿಚ್ಚಿದಳು. ಬೆರಳುಗಳು ತಮ್ಮ ಪಾಡಿಗೆ ನಡೆದವು. ಹಳೆಯ ಎಳೆ, ಹೊಸ ಎಳೆ, ಒಂದು ಹೊಸೆತ. ಖಾದರಬಾಷಾ ರಾಟೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತ ಬಾಗಿಲ ಬಳಿ ಕೂತ. ನೂರಾರು ಎಳೆ ಮುಗಿದ ಮೇಲೆ ದುರಗವ್ವ ತಲೆ ಎತ್ತದೆ ಕೇಳಿದಳು: "ಖಾದರಣ್ಣಾ, ನಾ ನಿಂತರ ನೀ ನನಗ ಓಟ ಹಾಕ್ತಿ?"

ರಾಟೆ ನಿಂತಿತು. "ನಿಲ್ಲಾಕಿ ಕೇಳಾಕತ್ತಿ, ಇಲ್ಲಾ ನಿಲ್ಲದಾಕಿ ಕೇಳಾಕತ್ತಿ?"

"ನಿಲ್ಲಾಕಿ."

ಅವನು ಹೊರಗೆ ಓಣಿಯ ಎರಡೂ ದಿಕ್ಕು ನೋಡಿದ. "ಹಾಕ್ತೇನಿ. ನಮ್ಮನಿಯಾಗ ನಾಕು ಓಟ ಅದಾವು. ಆದ್ರ ನನ್ನ ಹೆಸರ ಕಟ್ಟಿಮ್ಯಾಲೆ ಹೇಳಬ್ಯಾಡ."

"ಸೂಚಕ ಅಂತ ನಿನ್ನ ಹೆಸರ ಕಾಗದದಾಗ ಐತಿ, ಮಾರಾಯ."

"ಅಯ್ಯ ಹೌದಲ್ಲಾ!" ಎಂದು ಖಾದರಬಾಷಾ ಹಣೆ ಬಡಿದುಕೊಂಡು ನಕ್ಕ. ಅವಳೂ ನಕ್ಕಳು. ಎರಡು ದಿನದಲ್ಲಿ ಮೊದಲ ಸಲ ಎದೆ ಹಗುರಾಯಿತು.

ಹನ್ನೆರಡೂವರೆಗೆ ಬಾಗಿಲಲ್ಲಿ ಕಾರು ನಿಂತಿತು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಪಂಢರೀನಾಥ ಮಾಸ್ತರರು ಇಳಿದರು. ಅವರ ಹಿಂದೆ ಸೊಸೆ ವಂದನಾ. ಅವಳ ಹಿಂದೆ, ಕಾರ್ಖಾನೆಯಿಂದ ಎಬ್ಬಿಸಿ ತಂದಿದ್ದ ಹನಮಂತಪ್ಪ, ಮೈಮೇಲೆ ಇನ್ನೂ ಕಲ್ಲಿನ ಪುಡಿ.

"ಏನವಾ ದುರಗವ್ವಾ, ಫೋನ್ ಹಚ್ಚಿದ್ರ ಎತ್ತಲಿಲ್ಲ," ಎಂದರು ಮಾಸ್ತರರು.

"ಕೈಯಾಗ ಬೂದಿ ಐತ್ರಿ ಮಾಸ್ತರ್ರ."

"ಇರ್ಲಿ, ಇರ್ಲಿ. ಫಾರ್ಮ್ ನಾನ ತುಂಬಿ ತಂದೇನಿ. ಇಲ್ಲೊಂದು ಸಹಿ ಒಗದುಬಿಡು, ಖಾದರಬಾಷಾನ ಕೈಲೆ ಮುಟ್ಟಸೋಣು. ನೀ ಅಲ್ಲಿತನಕ ಬರೋದೂ ಬ್ಯಾಡ." ಅವರು ಜೇಬಿನಿಂದ ಪೆನ್ನು ತೆಗೆದು ಅದರ ಟೋಪಿ ಬಿಚ್ಚಿ ಹಿಡಿದರು.

"ಬೂದಿ ಐತ್ರಿ."

"ಒರಸ್ಕೊ."

"ಎಳಿ ಕೈಯಾಗ ಐತ್ರಿ. ಬಿಟ್ರ ಎಲ್ಲಾ ಸಿಕ್ಕಾಗ್ತಾವ."

ಮಾಸ್ತರರು ಕುರ್ಚಿಯಲ್ಲಿ ಕೂತರು. ಚಹಾ ಬಂತು. ಎಳೆಗೆ ಎಳೆ ಕೂಡುತ್ತಲೇ ಇತ್ತು. ಅವರು ಒಮ್ಮೆ ಗಡಿಯಾರ ನೋಡಿದರು, ಆಮೇಲೆ ಇನ್ನೊಮ್ಮೆ. ಒಂದೂಮುಕ್ಕಾಲಿಗೆ ಪೆನ್ನಿನ ಟೋಪಿ ಹಾಕಿ ಎದ್ದರು. "ದುರಗವ್ವಾ, ಇದು ನಾಟಕ ಆತು."

ಬೆರಳು ನಿಂತಿತು. ದುರಗವ್ವ ಮೊದಲ ಸಲ ಮುಖವೆತ್ತಿದಳು.

"ಹೌದ್ರಿ. ನೆಪಾ ಹೇಳಿದೆ, ತಪ್ಪಾತು. ಇನ್ನ ಹೇಳೂದಿಲ್ಲ. ನಾ ನನ್ನ ಹೆಸರ ತಗಿಯೂದಿಲ್ರಿ."

"ಏನಂದಿ?" ಇದು ಹನಮಂತಪ್ಪ.

"ನಾ ನಿಲ್ತೇನಿ."

ಮಾಸ್ತರರು ಸಿಟ್ಟಾಗಲಿಲ್ಲ. ತಪ್ಪು ಬರೆದ ಮಗುವಿನ ಪಾಟಿ ನೋಡುವಂತೆ ಅವಳನ್ನು ನೋಡಿದರು. "ಹಿಂಗಂದ್ರ ಹ್ಯಾಂಗವಾ? ಗುಡಿಮುಂದ ಮಾತು ಆಗ್ಯದ. ಭಂಡಾರದ ಆಣಿ ಅದ."

"ಶೀಲಾ ಮುಟ್ಟಿದ್ಲು, ಶಿವಬಸವ್ವ ಮುಟ್ಟಿದ್ಲು. ನನಗ ಯಾರು ಮುಟ್ಟಂದ್ರಿ?"

"ತಟ್ಟಿ ಹಿಡದಾಕಿನ ನೀನು!"

"ಬಡಿಸಿದಾಕಿ ಉಂಡಂಗ ಆಕ್ಕೈತೇನ್ರಿ?"

ಖಾದರಬಾಷಾನಿಗೆ ಕೆಮ್ಮು ಬಂತು. ಅವನು ಗೋಡೆಯ ಕಡೆ ತಿರುಗಿಕೊಂಡ.

"ಅವತ್ತು ನನಗೂ ಆಣಿ ಮಾಡಸಿದ್ರ ಮಾಡ್ತಿದ್ದೆ ಮಾಸ್ತರ್ರ," ಎಂದಳು ದುರಗವ್ವ. "ಮಾಡಿದ್ರ ದ್ಯಾಮವ್ವನ ಮ್ಯಾಲಿನ ಮಾತು, ಇವತ್ತ ಸುಮ್ಮನ ಸಹಿ ಹಾಕ್ತಿದ್ದೆ. ನಿಮಗ ಯಾರಿಗೂ ನನ್ನ ಕೇಳಬೇಕು ಅನಸಲಿಲ್ಲ. ಅವರಿಬ್ಬರ ಮಾತಿಗೆ ಕಿಮ್ಮತ್ತ ಇತ್ತು, ಕಟ್ಟಿಹಾಕಿದ್ರಿ. ನನಗ ಮಾತ ಐತಿ ಅನ್ನೂದ ಮರತ್ರಿ."

"ಸರಸ್ವತಿ ಇದ್ದಿದ್ರ ಏನಂತಿದ್ಲು, ಅದನ್ನಾರ ವಿಚಾರ ಮಾಡು."

"ಬೈತಿದ್ರು. ಭಾಳ ಬೈತಿದ್ರು. ಬೈದು, ಚಹಾ ಮಾಡಸ್ತಿದ್ರು."

ಮಾಸ್ತರರ ಮುಖದಲ್ಲಿ ಏನೋ ಹಾದುಹೋಯಿತು. ಹೆಂಡತಿಯ ದನಿ ಕೇಳಿದಂತಾಗಿರಬೇಕು. ಆದರೂ ಮತ್ತೆ ಗಟ್ಟಿಯಾದರು. "ಬ್ಯಾನರ್ ಪ್ರಿಂಟ್ ಆಗ್ಯಾವ. ಪೇಢೆ ಬಂದಾವ. ನಾಕು ಮಂದಿ ಹಿರೇರು ಸೇರಿ ಓಣಿ ಒಡೀಬಾರದು ಅಂತ ಮಾಡಿದ್ದು ಇದು. ನಮ್ಮ ಸ್ವಾರ್ಥಕ್ಕಲ್ಲ."

"ಪೇಢೆ ಹಂಚ್ರಿ, ತಿಂತಾರ. ಓಟ ಹಾಕಿದ್ರ ಒಡಿಯೂವಂಥಾ ಓಣಿ ಆದ್ರ, ಅದು ಕೂಡಿದ್ದರ ಯಾವಾಗ್ರಿ?"

"ಮಾಮಾ." ವಂದನಾ ಅಷ್ಟು ಹೊತ್ತು ಮಗ್ಗದ ಎಳೆಗಳನ್ನೇ ನೋಡುತ್ತ ನಿಂತಿದ್ದಳು. "ನಿಲ್ಲಲಿ ಬಿಡ್ರಿ. ಓಟ ಆಗಲಿ. ನಾ ಯಾರಿಗೆ ಬೇಕಾಗೇನಿ, ಯಾರಿಗೆ ಬ್ಯಾಡಾಗೇನಿ, ನನಗೂ ಗೊತ್ತಾಗ್ಲಿ."

"ನೀ ಸುಮ್ಮನಿರು ವಂದನಾ."

"ನೋಡ್ರಿ," ಎಂದಳು ದುರಗವ್ವ. "ಮೆಂಬರ್ ಮಾಡ್ತೇನಿ ಅಂತ ಕರಕೊಂಬಂದಾಕಿಗೂ ಸುಮ್ಮನಿರು ಅಂತೀರಿ. ನಾಳೆ ಮೀಟಿಂಗಿನ್ಯಾಗ ಯಾರ್ರಿ ಮಾತಾಡೋರು?"

ವಂದನಾ ನಗಲಿಲ್ಲ. ಆದರೆ ಹೆಗಲ ಚೀಲವನ್ನು ಈ ಕಡೆಯಿಂದ ಆ ಕಡೆಗೆ ಹಾಕಿಕೊಂಡು, ಮಾವನ ಪಕ್ಕದಿಂದ ಒಂದು ಹೆಜ್ಜೆ ಸರಿದು ನಿಂತಳು.

ಈಗ ಹನಮಂತಪ್ಪ ಮುಂದೆ ಬಂದ. ಅವನ ಸಿಟ್ಟಿನ ಕೆಳಗೆ ಅಂಜಿಕೆ ಇತ್ತು. ದುರಗವ್ವನಿಗೆ ಅದು ತಿಳಿಯುತ್ತಿತ್ತು. "ಲೇ, ಕಟ್ಟಿಮ್ಯಾಲಿನವರ ಮನ್ಯಾಗ ಹನ್ನೊಂದು ಮಗ್ಗ ಅದಾವು. ನಾಳಿಂದ ಯಾರು ಕರೀತಾರ ನಿನ್ನ ಕೆಚ್ಚಾಕ? ವಿಚಾರ ಮಾಡಿಯೇನು?"

ಮಾಡಿದ್ದಳು. ಈ ಎರಡು ದಿನ ಅದನ್ನೇ ಮಾಡಿದ್ದಳು. ಹನ್ನೊಂದು ಮಗ್ಗಗಳ ಬಾಗಿಲು ಒಂದೊಂದಾಗಿ ಮುಚ್ಚುವುದನ್ನು ಕಣ್ಣಿಗೆ ತಂದುಕೊಂಡಿದ್ದಳು.

"ಕರೀಲಿಲ್ಲಂದ್ರ ಬಿಡ್ಲಿ," ಎಂದಳು. "ಕರದಾಗೆಲ್ಲಾ ಹೋಗೇನಿ. ನೀವು ಅಕ್ಕನ ಬದಲಿ ಕರದ್ರಿ, ಬಂದೆ. ಅತ್ತಿ ಬದಲಿ ಕೂತೆ. ಬಾಯಾರ ಬದಲಿ ನಡದಾಡಿದೆ. ಒಮ್ಮೆ ನನ್ನ ಹೆಸರಿಲೆ ನಿಂತು ಸೋಲ್ತೇನಿ. ಸೋತಾಕಿ ಅನ್ನಿಸ್ಕೊಳ್ಳಾಕ ನನಗೇನೂ ನಾಚಿಕಿಲ್ಲ."

ಹನಮಂತಪ್ಪ ಅಂಗಿಯ ಮೇಲಿನ ಕಲ್ಲಿನ ಪುಡಿ ಕೊಡವಿಕೊಂಡ. ಮೂವತ್ತನಾಲ್ಕು ವರ್ಷದಲ್ಲಿ ಅಕ್ಕನ ಮಾತು ಅವರಿಬ್ಬರ ನಡುವೆ ಬಂದದ್ದು ಅದೇ ಮೊದಲು.

ಅವಳು ಮತ್ತೆ ಬೆರಳಿಗೆ ಬೂದಿ ಹಚ್ಚಿಕೊಂಡಳು. ಇನ್ನೂ ಅಂಚಿನ ಎಳೆಗಳು ಉಳಿದಿದ್ದವು. ಯಾರೂ ಹೋಗಲಿಲ್ಲ. ಮಾಸ್ತರರು ಒಮ್ಮೆ ಫೋನಿನಲ್ಲಿ ಯಾರಿಗೋ "ತಡೀರಿ, ತಡೀರಿ" ಎಂದರು. ಎರಡೂ ಇಪ್ಪತ್ತಕ್ಕೆ ಕೊನೆಯ ಎಳೆ ಕೂಡಿತು. ದುರಗವ್ವ ಹಾಸಿನ ಮೇಲೆ ಅಂಗೈ ಸವರಿ, ಎಲ್ಲಿಯೂ ಸಡಿಲಿಲ್ಲವೆಂದು ನೋಡಿ, "ಸಾವಕಾಶ ಜಗ್ಗು ಖಾದರಣ್ಣಾ," ಎಂದಳು. ಹಿತ್ತಲ ತೊಟ್ಟಿಯಿಂದ ನೀರು ತೆಗೆದು ಮೊಳಕೈವರೆಗೆ ತೊಳೆದುಕೊಂಡಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಡುಮನೆಗೆ ಬಂದಾಗ ಮಾಸ್ತರರು ಪೆನ್ನು ಮತ್ತೆ ಬಿಚ್ಚಿ ಹಿಡಿದಿದ್ದರು.

"ಕೈ ಈಗ ಸ್ವಚ್ಛ ಆತು," ಎಂದರು. ದನಿ ಮೆತ್ತಗಾಗಿತ್ತು. "ಇನ್ನೂ ಹೊತ್ತದ. ಕೇಳಿಲ್ಲೆ, ನಿನ್ನ ಒಳ್ಳೇದಕ್ಕ ಹೇಳ್ತೇನಿ."

"ಮೂರಾದ ಮ್ಯಾಲೆ ಚಿಹ್ನೆ ಹಂಚ್ತಾರಂತ. ಅಭ್ಯರ್ಥಿ ಎದುರಿಗೆ ಇರಬೇಕಂತ್ರಿ. ಬರ್ತೇನಿ."

"ಕೂಡು. ನಾ ಹೇಳೋದು ಮುಗದಿಲ್ಲ."

ಹನಮಂತಪ್ಪ ಹೆಂಡತಿಯನ್ನು ನೋಡದೆ, ನೆಲ ನೋಡುತ್ತ ಕೇಳಿದ: "ಆಧಾರ ಕಾರ್ಡ ತಗೊಂಡಿಯೇನು?"

ದುರಗವ್ವ ಸೊಂಟದ ಚೀಲವನ್ನು ತಟ್ಟಿ ತೋರಿಸಿ ಚಪ್ಪಲಿ ಮೆಟ್ಟಿದಳು.

"ದುರಗವ್ವಾ, ನಿನಗ ಎಷ್ಟು ಓಟ ಬಿದ್ದಾವು ಅಂತ ತಿಳಕೊಂಡಿ?" ಮಾಸ್ತರರು ಹೊಸ್ತಿಲವರೆಗೆ ಬಂದರು. "ನಾ ಈ ಓಣಿಗೆ ನಲವತ್ತು ವರ್ಷ ಸಾಲಿ ಕಲಿಸೇನಿ. ಒಬ್ಬೊಬ್ಬರನ್ನೂ ಬಲ್ಲೆ. ನಿನ್ನ ಮುಂದ ಹೂಂ ಅಂದವರು ಒಳಗ ಹೋಗಿ ಗುಂಡಿ ಒತ್ತೋ ಹೊತ್ತಿಗೆ—"

ಅವಳು ಕಾರನ್ನು ಬಳಸಿ ಓಣಿಗೆ ಇಳಿದಾಗಿತ್ತು. ಎದುರುಮನೆಯ ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ದುರಗವ್ವ ಅವರ ಮುಂದೆ ನಿಂತು, ಎರಡೂ ಕೈ ಎತ್ತಿ ನಮಸ್ಕಾರ ಮಾಡಿ, ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡು, ನಗರಸಭೆಯ ದಾರಿ ಹಿಡಿದು ನಡೆದುಬಿಟ್ಟಳು. ಮಾಸ್ತರರು ಹೊಸ್ತಿಲಲ್ಲಿ ಇನ್ನೂ ಹೇಳುತ್ತಲೇ ಇದ್ದರು.